ಹನ್ನೊಂದನೇ ಅಂತಸ್ತಿನ ಹಲಗೆ

"ಎಚ್ಚರಿಕೆ ಒಂದಿಷ್ಟು ಹೆಚ್ಚಾದರೆ ನಷ್ಟವೇನು, ಗುರುಗಳೇ?" ಎಂದು ಶಿಷ್ಯ ಕೇಳಿದ. "ಕಡಿಮೆಯಾದರೆ ಅನರ್ಥ, ಒಪ್ಪುತ್ತೇನೆ. ಹೆಚ್ಚಾದರೆ ಯಾರ ಗಂಟು ಹೋಗುತ್ತದೆ?"

ಗುರುಗಳು ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ಕಬ್ಬಿಣದ ವ್ಯಾಪಾರ ಮಾಡಿದವರು. ಮಾತನ್ನು ತೂಗಿ ಆಡುವುದು ಅವರ ರೂಢಿ. "ಕೂತುಕೋ," ಎಂದು ಹೇಳತೊಡಗಿದರು.

ಕಡಲ ದಂಡೆಯಲ್ಲಿ ಆಕಾಶನೌಕೆಗಳನ್ನು ಹಾರಿಸುವ ಒಂದು ನೆಲೆಯಿತ್ತು. ನೌಕೆಯನ್ನು ಹೊತ್ತು ನಿಂತ ರಾಕೆಟ್ಟಿನ ಪಕ್ಕದಲ್ಲಿ ಅಷ್ಟೇ ಎತ್ತರದ ಕಬ್ಬಿಣದ ಗೋಪುರ. ಅದರ ಮೇಲೆ ಕೆಲಸ ಮಾಡುವ ಹತ್ತು ಜನರಿಗೆ ಒಬ್ಬ ಮೇಸ್ತ್ರಿ. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೈಕೆಳಗಿನ ಒಬ್ಬನಿಗೂ ಬೆರಳು ಜಜ್ಜಿರಲಿಲ್ಲ. ಹತ್ತು ಜನರಲ್ಲಿ ಈರಭದ್ರ ಎಂಬವನು ಮೇಸ್ತ್ರಿಯ ಹೆಂಡತಿಯ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದವನು ಮೇಸ್ತ್ರಿಯೇ. "ಅವನನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ, ನೋಡಿಕೊಳ್ಳಿ," ಎಂದು ಹೆಂಡತಿ ಅಂದೇ ಹೇಳಿದ್ದಳು.

ಗೋಪುರದ ಹನ್ನೊಂದನೇ ಅಂತಸ್ತಿನಲ್ಲಿ ನೌಕೆಯ ಹೊಟ್ಟೆಯೊಳಕ್ಕೆ ಹೋಗುವ ಒಂದು ಸಣ್ಣ ಬಾಗಿಲಿತ್ತು. ಹಾರಿಸುವ ಮೊದಲು ಒಳಗಿನ ತೇವ ಹೋಗಲೆಂದು ಅಲ್ಲಿಗೆ ನೈಟ್ರೋಜನ್ ಅನಿಲ ಬಿಡುತ್ತಿದ್ದರು. ಅದು ವಿಷವಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯನ್ನು ಹೊರಗೆ ತಳ್ಳಿ ತಾನು ತುಂಬಿಕೊಳ್ಳುತ್ತದೆ, ಅಷ್ಟೇ. ಒಳಗೆ ಹೋದವನಿಗೆ ಏನೂ ತಿಳಿಯುವುದಿಲ್ಲ. ಎರಡು ಉಸಿರು ಎಳೆಯುತ್ತಾನೆ. ಮೂರನೆಯದಕ್ಕೆ ಅವನು ಇರುವುದಿಲ್ಲ.

ಅದಕ್ಕಾಗಿ ಒಂದು ಕೆಂಪು ಹಲಗೆ ಇತ್ತು. 'ಒಳಗೆ ಅನಿಲವಿದೆ, ಪ್ರವೇಶವಿಲ್ಲ' ಎಂದು ಅದರ ಮೇಲೆ ಬರೆದಿತ್ತು. ಅನಿಲ ಬಿಡುವಾಗ ಮೇಸ್ತ್ರಿಯೇ ಹತ್ತಿ ಹೋಗಿ ಅದನ್ನು ಬಾಗಿಲ ಮೇಲ್ಭಾಗಕ್ಕೆ ಅಡ್ಡ ತಗುಲಿಸಬೇಕು. ಅನಿಲ ನಿಲ್ಲಿಸಿ, ಒಂದು ಗಂಟೆ ಗಾಳಿ ಆಡಿಸಿದ ಮೇಲೆ, ಮೇಸ್ತ್ರಿಯೇ ಮತ್ತೆ ಹತ್ತಿ ಹೋಗಿ ತೆಗೆಯಬೇಕು. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಆ ಸಲ ಮಳೆಗಾಲ ಮುಗಿದರೂ ಮಳೆ ಹೋಗಲಿಲ್ಲ. ಬೆಳಗ್ಗೆ ಆಕಾಶ ತಿಳಿಯಾಗುವುದು, ಹಾರಿಸುವ ಸಿದ್ಧತೆ ಶುರುವಾಗುವುದು, ಅನಿಲ ಬಿಡುವರು. ಹತ್ತು ಗಂಟೆಗೆ ಮೋಡ ಕವಿಯುವುದು. "ಇಂದಿಲ್ಲ, ನಾಳೆ," ಎಂದು ಧ್ವನಿವರ್ಧಕ ಕೂಗುವುದು. ಆಮೇಲೆ ಅನಿಲ ನಿಲ್ಲಿಸಿ, ಗಂಟೆ ಕಳೆದ ಮೇಲೆ ಆಳುಗಳು ಒಳಗೆ ಹೋಗಿ ಪಸೆ ಒರೆಸಿ, ತಂತಿಗಳ ಬೆಸುಗೆ ನೋಡಿ ಬರುವರು. ನಾಲ್ಕು ದಿನ ಹೀಗೇ ಆಯಿತು.

ಗಾಳಿ ಜೋರಾದರೆ ಗೋಪುರದ ಲಿಫ್ಟು ನಡೆಸುವುದಿಲ್ಲ. ಒದ್ದೆ ಮೆಟ್ಟಿಲು, ಹನ್ನೊಂದು ಅಂತಸ್ತು, ದಿನಕ್ಕೆ ಎರಡು ಸಲ. ಮೇಸ್ತ್ರಿಯ ಮೊಣಕಾಲು ಊದಿಕೊಂಡಿತು. ಐದನೆಯ ದಿನ ಅವನು ಯೋಚಿಸಿದ. ಇವತ್ತು ತೆಗೆದರೆ ನಾಳೆ ಬೆಳಗ್ಗೆ ಮತ್ತೆ ತಗುಲಿಸಲೇಬೇಕು. ಅಲ್ಲೇ ಇರಲಿ. ಇರಬೇಕಾದಾಗ ಇಲ್ಲದಿದ್ದರೆ ತಾನೇ ಅಪಾಯ? ಬೇಡದಾಗ ಇದ್ದರೆ ಯಾರಿಗೇನು?

ಗಂಟೆ ಕಳೆದ ಮೇಲೆ ಮೇಲಿನಿಂದ ಈರಭದ್ರ ಫೋನು ಮಾಡಿದ.

"ಭಾವ, ಹಲಗೆ ಹಾಗೇ ಇದೆ. ನಾನು ಒಳಗೆ ಹೋಗುವುದೋ, ಬೇಡವೋ?"

"ಗ್ಯಾಸು ನಿಂತು ಗಂಟೆಯಾಯಿತು, ಹೋಗೋ ಮಾರಾಯ. ಹಲಗೆ ಇದ್ದರೆ ನಿನಗೇನು ಭಾರ? ನೀನು ಹೊತ್ತಿದ್ದೀಯಾ?"

"ಹೊತ್ತಿಲ್ಲ. ಆದರೆ ಪ್ರವೇಶವಿಲ್ಲ ಅಂತ ಬರೆದಿದೆಯಲ್ಲ."

"ಬರೆಸಿದವನು ನಾನು, ಹೋಗು ಅನ್ನುತ್ತಿರುವವನೂ ನಾನು. ಇನ್ನು ಯಾರ ಅಪ್ಪಣೆ ಬೇಕು ನಿನಗೆ?"

ಈರಭದ್ರ ನಕ್ಕ. "ಸರಿ ಬಿಡಿ, ಮದುವೆಮನೆಯ ತೋರಣ ಅಂದುಕೊಳ್ಳುತ್ತೇನೆ," ಎಂದ. ತಲೆ ಬಗ್ಗಿಸಿ ಅದರ ಕೆಳಗೆ ನುಸುಳಿ ಒಳಗೆ ಹೋದ. ಏನೂ ಆಗಲಿಲ್ಲ.

ಆರನೆಯ ದಿನವೂ ಫೋನು ಮಾಡಿ ಕೇಳಿದ. ಏಳನೆಯ ದಿನ ಕೇಳಲಿಲ್ಲ. ಉಳಿದವರೂ ಕೇಳಲಿಲ್ಲ. ನೆಲೆಯ ಸುರಕ್ಷತಾ ಅಧಿಕಾರಿ ಕೆಳಗಿನಿಂದ ದುರ್ಬೀನು ಹಿಡಿದು ನೋಡಿದರು. ಹಲಗೆ ಇತ್ತು. "ನಿಮ್ಮಷ್ಟು ಜಾಗ್ರತೆಯವರು ಈ ನೆಲೆಯಲ್ಲಿ ಇನ್ನೊಬ್ಬರಿಲ್ಲ," ಎಂದು ಮೇಸ್ತ್ರಿಗೆ ಹೇಳಿ ಹೋದರು.

ಒಂಬತ್ತನೆಯ ದಿನವೂ ಹತ್ತು ಗಂಟೆಗೆ ಮೋಡ ಬಂತು. ಧ್ವನಿವರ್ಧಕ "ತಡೆ" ಎಂದಷ್ಟೇ ಕೂಗಿತು. ಗೋಪುರದ ಮೇಲಿದ್ದವರು ಎಂದಿನಂತೆ ಅನಿಲ ನಿಲ್ಲುವುದೆಂದುಕೊಂಡರು. ಮೇಸ್ತ್ರಿಯ ಫೋನು ಬಡಿದುಕೊಂಡಿತು. "ಇದು ಹಾಯ್ದು ಹೋಗುವ ಮೋಡ. ಎರಡು ಗಂಟೆ ಮಾತ್ರ ತಡೆ. ಅನಿಲ ನಿಲ್ಲಿಸುವುದಿಲ್ಲ, ನಿಮ್ಮವರಿಗೆ ಹೇಳಿಬಿಡಿ," ಎಂದರು ನೆಲೆಯ ಅಧಿಕಾರಿಗಳು.

ಮೇಸ್ತ್ರಿ ಗೋಪುರಕ್ಕೆ ಫೋನು ಮಾಡಲು ಕೈ ಚಾಚಿದ. ಗಾಳಿಗೆ ತಂತಿ ಹರಿದಿತ್ತೋ ಏನೋ, ಬರಿಯ ಗೊರಗೊರ ಸದ್ದು. ಇನ್ನೊಮ್ಮೆ ಪ್ರಯತ್ನಿಸಬಹುದಿತ್ತು. ಹತ್ತಿ ಹೋಗಿಯೂ ಹೇಳಬಹುದಿತ್ತು, ಒಂದು ಗಂಟೆಯ ಸಮಯವಿತ್ತು. ಅವನು ಫೋನು ಕೆಳಗಿಟ್ಟ. ಹೇಳಬೇಕಾದ್ದನ್ನು ಹಲಗೆ ಹೇಳುತ್ತಿದೆಯಲ್ಲ ಎಂದುಕೊಂಡ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತ.

ಹನ್ನೆರಡು ಗಂಟೆಗೆ ಮೋಡ ಸರಿಯಿತು. ರಾಕೆಟ್ಟಿಗೆ ಇಂಧನ ತುಂಬುವ ಮುಂಚೆ ಎಲ್ಲರೂ ಗೋಪುರದಿಂದ ಇಳಿಯಬೇಕು. ಮೇಸ್ತ್ರಿ ಹೆಸರು ಕರೆದ. ಒಂಬತ್ತು ಜನ ಓಗೊಟ್ಟರು.

ಅವನು ಮೊಣಕಾಲು ಮರೆತು ಹತ್ತಿದ. ನೌಕೆಯೊಳಕ್ಕೆ ಧೂಳು ಹೋಗಬಾರದೆಂದು ಬೂಟು ಹೊರಗೇ ಬಿಡುವುದು ಅಲ್ಲಿಯ ನಿಯಮ. ಹನ್ನೊಂದನೇ ಅಂತಸ್ತಿನ ಬಾಗಿಲ ಬಳಿ, ಹಲಗೆಯ ನೇರ ಕೆಳಗೆ, ಒಂದು ಜೊತೆ ಬೂಟು ಇತ್ತು. ಒಂದರ ಪಕ್ಕ ಒಂದು, ಜೋಡಿಸಿ ಇಟ್ಟಿತ್ತು. ಮೇಸ್ತ್ರಿ ಬಾಗಿಲ ಅಂಚಿನಿಂದ ಕೈ ಚಾಚಿದ. ಈರಭದ್ರನ ಪಾದ ಸಿಕ್ಕಿತು. ಆಗಲೇ ತಣ್ಣಗಾಗಿತ್ತು. ಅವನ ಮುಷ್ಟಿಯಲ್ಲಿ ಪಸೆ ಒರೆಸುವ ಬಟ್ಟೆ ಹಾಗೇ ಇತ್ತು.

ವಿಚಾರಣೆ ನಡೆಯಿತು. ವಿಚಾರಣೆಗೆ ಬಂದವರು ಮೇಸ್ತ್ರಿಯನ್ನು ಒಂದೇ ಮಾತು ಕೇಳಿದರು.

"ಹಲಗೆ ಇತ್ತೋ?"

"ಇತ್ತು."

ಅವರು ಮುಂದೆ ಕೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಏನಾಗುತ್ತದೆಂದು ಮೇಸ್ತ್ರಿ ಲೆಕ್ಕ ಹಾಕಿದ. ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಹೆಂಡತಿಯ ಮುಖ ನೋಡುವಂತಿಲ್ಲ. ಅವನೂ ಮುಂದೆ ಹೇಳಲಿಲ್ಲ. 'ಮೃತನು ಎಚ್ಚರಿಕೆಯ ಹಲಗೆಯನ್ನು ಗಮನಿಸಿಲ್ಲ' ಎಂದು ಬರೆದ ಕಾಗದ ಮುಂದೆ ಬಂತು. ಮೇಸ್ತ್ರಿ ಸಹಿ ಹಾಕಿದ. ಹನ್ನೆರಡನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ನೌಕೆ ಹಾರಿತು. ದಂಡೆಯ ಮೇಲೆ ಜನ ಚಪ್ಪಾಳೆ ತಟ್ಟಿದರು. ಆ ಕಾಗದದ ಪ್ರತಿ ಮನೆಗೂ ಬಂತು. ಹೆಂಡತಿ ಅದನ್ನು ಓದಿ, "ಅಷ್ಟು ಮೈಮರೆವಿನವನಲ್ಲ ನನ್ನ ತಮ್ಮ," ಎಂದಳು. ಗಂಡನ ಉತ್ತರಕ್ಕೆ ಕಾದಳು. ಇವತ್ತಿಗೂ ಕಾಯುತ್ತಿದ್ದಾಳೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟ. "ಪಾಪ, ಆ ಈರಭದ್ರ ಒಂದು ಸಲ ತಲೆಯೆತ್ತಿ ಹಲಗೆ ಓದಿದ್ದರೆ ಸಾಕಿತ್ತು, ಬದುಕುತ್ತಿದ್ದ," ಎಂದ.

"ಓದಿದ," ಎಂದರು ಗುರುಗಳು. "ಓದಿ, ಭಾವನ ಮಾತು ನಂಬಿ ಒಳಗೆ ಹೋದ."