ಮೊಲ ತಿರುಗಿದ ನೆಲ

ಚಿಕ್ಕಂದಿನಲ್ಲಿ ಕೇಳಿದ ಕಥೆಯಲ್ಲಿ ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಗುತ್ತಿತ್ತು. ಅದನ್ನು ಕಂಡ ದೊರೆ, ಇದು ಗಂಡುಮೆಟ್ಟಿದ ನೆಲವೆಂದು ಅಲ್ಲಿಯೇ ಊರು ಕಟ್ಟಿಸುತ್ತಿದ್ದ. ಮೊಲ ಏಕೆ ತಿರುಗಿತೆಂದು ಕೇಳಿದರೆ ಅಜ್ಜಿ, "ನೆಲದ ಗುಣ ಕಣೇ, ಸುಮ್ಮನೆ ಹೂಂಗುಟ್ಟು" ಎನ್ನುತ್ತಿದ್ದರು. ನಮ್ಮೂರ ಕೆರೆ ಏರಿಯ ಮೇಲೆ ಮೊಲ, ನಾಯಿ ಕೆತ್ತಿದ ಹಳೆಯ ಕಲ್ಲೊಂದಿತ್ತು; ಅದರಲ್ಲಿ ನಾಯಿಗೆ ಪಾದಗಳೇಕಿಲ್ಲ ಎಂದರೆ, "ಯಾರೋ ಒಡೆದಿರಬೇಕು." ನೆಲದ ಗುಣದಿಂದ ಮೊಲಕ್ಕೆ ಧೈರ್ಯ ಬಂದಿದ್ದರೆ, ಅದೇ ನೆಲದಲ್ಲಿದ್ದ ನಾಯಿಗೇಕೆ ಬರಲಿಲ್ಲ? ಈ ಪ್ರಶ್ನೆಗೆ ಎಡೆಯಿರುವ ಕಥೆಯೊಂದು ಕಲ್ಲುಕೆಲಸದ ಓಜರ ಕೇರಿಯಲ್ಲಿ ಉಳಿದಿತ್ತು. ಅದು ಹೀಗೆ.

ಒಂದಾನೊಂದು ಊರಿನಲ್ಲಿ ಭರಮರಾಯನೆಂಬ ದೊರೆಯಿದ್ದನಂತೆ. ಆ ಊರಿನ ಬಾವಿಗಳೆಲ್ಲ ಉಪ್ಪುನೀರಾದವಂತೆ. ಹೊಸ ಊರು ಕಟ್ಟಲೇಬೇಕಾಯಿತಂತೆ. ಅದೇ ಕಾಲಕ್ಕೆ ಬೇಟೆಯಲ್ಲಿ ಸಿಡಿಲನೆಂಬ ದೊರೆಯ ಮುದ್ದಿನ ನಾಯಿ ಮೊಲವೊಂದನ್ನು ಅಟ್ಟಿತು. ಹಸಿರು ಬಯಲಿನ ನಡುವೆ ಮೊಲ ಗಕ್ಕನೆ ತಿರುಗಿತು. ನಾಯಿ ಕುಂಯ್‌ಗುಡುತ್ತ ಹಿಂದಕ್ಕೆ ಬಂತು. ದಿಬ್ಬದ ಮೇಲೆ ಕುದುರೆ ನಿಲ್ಲಿಸಿಕೊಂಡವರಿಗೆ ಕಂಡದ್ದು ಇಷ್ಟೇ. "ಗಂಡುನೆಲ!" ಎಂದರು ಎಲ್ಲರೂ. ದೊರೆಯೂ ಹೌದೆಂದ. ಆದರೆ ಅಂದಿನಿಂದ ಸಿಡಿಲನಿಗೆ ತನ್ನ ಕೈಯಾರೆ ತುತ್ತು ಹಾಕಲಿಲ್ಲ. ನಾಯಿಯನ್ನು ಲಾಯದ ಹಿಂದೆ ಕಟ್ಟಿಸಿದ.

ನೆಲ ನೋಡಿ, ಬೀದಿ ಕೇರಿ ಗುರುತಿಸಿ, ಊರು ಕಟ್ಟಿಸುವ ಕಸುಬು ಬೈರೋಜನದು. ಊರು ಕಟ್ಟುವ ಹೊಣೆ ಒಪ್ಪಿಕೋ ಎಂದು ತುಂಬಿದ ಸಭೆಯಲ್ಲಿ ಹರಿವಾಣದ ವೀಳ್ಯ ಅವನ ಮುಂದೆ ಬಂತು. ಎತ್ತಿದ ವೀಳ್ಯವನ್ನು ಕೆಳಗಿಟ್ಟು ಮಾತಿಗೆ ತಪ್ಪಿದವನ ಬಲಗೈ ಹೆಬ್ಬೆರಳು ಕತ್ತರಿಸುವುದು ಆ ಸೀಮೆಯ ಕಟ್ಟಳೆಯಂತೆ. ಎಲ್ಲರ ಕಣ್ಣೂ ತನ್ನ ಮೇಲಿರುವಾಗ ಬೈರೋಜ ವೀಳ್ಯ ಎತ್ತಿಬಿಟ್ಟ. ನೆಲವನ್ನು ಇನ್ನೂ ನೋಡಿರಲಿಲ್ಲ.

ಮರುದಿನ ನೋಡಿದ. ಸುತ್ತಲಿನ ಗುಡ್ಡಗಳೆಲ್ಲ ಬಿಸಿಲಿಗೆ ಬೋಳಾಗಿದ್ದರೂ ಆ ಬಯಲು ಮಾತ್ರ ಹಸಿರಾಗಿತ್ತು. ಆ ಹಸಿರಿನಿಂದಲೇ ಅವನಿಗೆ ಅನುಮಾನ ಬಂತು. ಮೊಳದಾಳ ಗುಂಡಿ ತೋಡಿ, ತೆಗೆದ ಮಣ್ಣನ್ನು ಅದಕ್ಕೇ ತುಂಬಿದ. ಮಣ್ಣು ಮಿಕ್ಕರೆ ಊರಿಗೆ ನೆಲ, ಸಾಲದೆ ಹೋದರೆ ಕೇಡಿನ ನೆಲ. ಮಣ್ಣು ಸಾಲಲಿಲ್ಲ. ಇನ್ನೊಂದು ಕಡೆ ತೋಡಿದ, ಸಾಲಲಿಲ್ಲ. ದನಗಳನ್ನು ಬಿಡಿಸಿದ. ಅವು ಹುಲ್ಲು ಮೇದು, ಮೆಲುಕು ಹಾಕಲು ದಿಬ್ಬ ಹತ್ತಿ ಮಲಗಿದವು. ಹೊಂಗೆಮರದ ಕಾಂಡದಲ್ಲಿ, ಅವನ ಎದೆಮಟ್ಟದಲ್ಲಿ, ಒಣಗಿದ ಬಸವನಹುಳುವಿನ ಚಿಪ್ಪುಗಳು ಅಂಟಿಕೊಂಡಿದ್ದವು. ಮಳೆಗಾಲದ ನೀರು ಎಲ್ಲಿಯವರೆಗೆ ಏರುತ್ತದೆಂದು ಹೇಳಲು ಇನ್ಯಾವ ಸಾಕ್ಷಿ ಬೇಕು?

ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದ. ಹೆಂಡತಿ ಕಾಳವ್ವೆ ವಿಷಯ ಕೇಳಿ ಹಣೆ ಚಚ್ಚಿಕೊಂಡಳು.

"ಕಂಡವರಿಗೆಲ್ಲ ಬುದ್ಧಿ ಹೇಳ್ತೀರಿ, ನೆಲ ನೋಡದೆ ಕಲ್ಲಿಡಬೇಡಿ ಅಂತ. ನೀವು ಮಾಡಿದ್ದೇನು? ಹೆಣ್ಣು ನೋಡದೆ ತಾಳಿ ಕಟ್ಟಿದ ಹಾಗಾಯ್ತು!"

"ನಿನ್ನನ್ನೂ ನೋಡದೆಯೇ ಕಟ್ಟಿದ್ದಲ್ಲವೇನೇ?"

"ಅದಕ್ಕೇ ಇನ್ನೂ ಅನುಭವಿಸ್ತಾ ಇದ್ದೀರಿ." ನಕ್ಕವಳು ಅವನ ಬಲಗೈ ನೋಡಿದಳು. "ಸುಮ್ಮನೆ ಕಟ್ಟಿಬಿಡಿ. ಹೆಬ್ಬೆರಳಿಲ್ಲದೆ ಉಳಿ ಹಿಡಿಯೋದು ಹೇಗೆ?"

ಬೈರೋಜ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ. "ಹೊಸ ಊರಿಗೆ ನೇಕಾರರೂ ಬರ್ತಾರೆ. ಅವರ ಮಗ್ಗ ಗುಂಡಿಯಲ್ಲಿ ಕಣೇ ಇರೋದು. ನೀರು ಬಂದರೆ ಮೊದಲು ತುಂಬೋದು ಅದು. ಮಗ್ಗದ ಪಕ್ಕದಲ್ಲೇ ತೊಟ್ಟಿಲು ಕಟ್ಟಿರ್ತಾರೆ."

ಕಾಳವ್ವೆ ಎದ್ದು ಅವನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳಂತೆ.

ಕಲ್ಲಿಡುವ ದಿನ ಬಂತು. ದೊರೆ ಬಂದ, ಪರಿವಾರ ಬಂತು, ವಾದ್ಯ ಬಂತು. ಬೈರೋಜ ಮುಂದೆ ಬಂದು ಕೈಮುಗಿದ.

"ಮಹಾಸ್ವಾಮಿ, ಮೊದಲ ಕಲ್ಲು ಮೊಲ ತಿರುಗಿದ ಜಾಗದಲ್ಲೇ ಇಡಬೇಕು. ಆ ಜಾಗ ಬಲ್ಲದ್ದು ಸಿಡಿಲ ಒಂದೇ."

ದೊರೆಯ ಮುಖ ಗಂಟಿಕ್ಕಿತು. ಆದರೂ ನಾಯಿಯನ್ನು ತರಿಸಿದ. ಸಿಡಿಲ ಓಡಿತು, ಜೊಂಡಿನ ಹತ್ತಿರ ಹೋಗಿ ಥಟ್ಟನೆ ನಿಂತಿತು.

"ಹೇಡಿ! ಇಂದೂ ಮಾನ ಕಳೆದೆಯಾ?" ಎಂದು ದೊರೆ ತಾನೇ ಮುಂದೆ ನುಗ್ಗಿದ. ನಾಯಿಯನ್ನು ದಾಟಿ ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ಹುಲ್ಲು ಬಿರಿದು ಮೊಣಕಾಲವರೆಗೆ ಹೂತುಹೋದ. ಸಿಡಿಲ ಅವನ ಉತ್ತರೀಯದ ಅಂಚನ್ನು ಕಚ್ಚಿ ಹಿಂದಕ್ಕೆ ಎಳೆಯತೊಡಗಿತಂತೆ. ಭಟರು ಎತ್ತಿದಾಗ ದೊರೆ ಬಂದ, ಕಾಲಿನ ಚಡಾವು ಬರಲಿಲ್ಲ.

ಬೈರೋಜ ಬಲಗೈ ನೀಡಿಕೊಂಡು ಮಂಡಿಯೂರಿದ.

"ವೀಳ್ಯ ಕೆಳಗಿಡುತ್ತೇನೆ ಮಹಾಸ್ವಾಮಿ. ಈ ನೆಲದಲ್ಲಿ ಶೌರ್ಯವಿಲ್ಲ, ನೀರಿದೆ. ಮೊಲದ ಮುಂದೆ ಕೆಸರು, ಹಿಂದೆ ನಾಯಿ. ದಾರಿ ಕಾಣದೆ ತಿರುಗಿತು. ಅಷ್ಟರಲ್ಲಿ ನಾಯಿಯ ಕಾಲು ಹೂತಿತ್ತು."

ದೊರೆ ಕೆಸರುಗಾಲಿನಲ್ಲೇ ನಾಯಿಯ ಕಡೆ ತಿರುಗಿದ. ಆಮೇಲೆ ಮೆಲ್ಲನೆ ಕೇಳಿದ:

"ಹಾಗಾದರೆ ನನ್ನ ಸಿಡಿಲ ಮೊಲಕ್ಕೆ ಹೆದರಿ ಓಡಿಬಂದದ್ದಲ್ಲವೇ?"

"ಅಲ್ಲ ಮಹಾಸ್ವಾಮಿ. ಜೀವ ಹಿಡಿದುಕೊಂಡು ಬಂದದ್ದು."

ದೊರೆ ಕುಸಿದು ಕುಳಿತು ನಾಯಿಯ ಕೊರಳನ್ನು ತಬ್ಬಿಕೊಂಡನಂತೆ. "ಆ ಕೈ ಹಿಂದಕ್ಕೆ ತೆಗೆಯೋ ಬೈರೋಜ. ವೀಳ್ಯವನ್ನೂ ಇಟ್ಟುಕೋ. ಊರು ಎಲ್ಲಿ ಕಟ್ಟುತ್ತೀ, ಅದನ್ನು ಹೇಳು."

"ದನ ಮಲಗಿದ ದಿಬ್ಬದ ಮೇಲೆ. ಇಲ್ಲಿಗೆ ಏರಿ ಹಾಕಿದರೆ ಕೆರೆಯಾಗುತ್ತದೆ."

ಹಾಗೆಯೇ ಆಯಿತಂತೆ. ಮಗ್ಗದ ಗುಂಡಿಗಳು ಒಣಗಿ ಉಳಿದವು, ಹೊಸ ಬಾವಿಗಳಲ್ಲಿ ಸಿಹಿನೀರು ಬಂತು. ಏರಿಯ ಮೇಲೆ ಬೈರೋಜ ತನ್ನ ಕೈಯಾರೆ ಮೊಲ, ನಾಯಿಯ ಒಂದು ಕಲ್ಲು ಕೆತ್ತಿ ನಿಲ್ಲಿಸಿದ. ಅವರು ದಿಬ್ಬದ ಮೇಲೆ, ನೀರು ತಗ್ಗಿನಲ್ಲಿ, ಕಥೆ ನಮ್ಮ ನಿಮ್ಮ ಬಾಯಲ್ಲಿ.

ಇದರಲ್ಲಿ ಎಷ್ಟು ನಿಜವೋ ತಿಳಿಯದು. ಕಲ್ಲನ್ನು ಮಾತ್ರ ನೀರು ಹಾಕಿ ತೊಳೆದು, ಬೆರಳಾಡಿಸಿ ನೋಡಿದ್ದೇನೆ. ನಾಯಿಯ ಪಾದಗಳು ಒಡೆದಿಲ್ಲ. ಅವು ಇರಬೇಕಾದ ಕಡೆ, ನಾಲ್ಕೂ ಕಾಲುಗಳ ಸುತ್ತ, ಉಳಿಯಿಂದ ನಯವಾಗಿ ಕೊರೆದ ನೀರಿನ ಅಲೆಗೆರೆಗಳಿವೆ.