ಮುದುಕಿಯ ಮೆಲುಕು

ಈ ಕಥೆಯಲ್ಲಿ ಹುಲಿಯಿಲ್ಲ, ರಾಜನಿಲ್ಲ, ಅಶರೀರವಾಣಿಯೂ ಇಲ್ಲ. ಕುರಿ ಇದೆ, ಹೊಟ್ಟು ಇದೆ. ಇಷ್ಟಕ್ಕೇ ಮೂಗು ಮುರಿಯುವವರು ಮುಂದೆ ಓದಲೇಬೇಕು.

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿ ಜಕ್ಕಣಜ್ಜ ಎಂಬ ಗುರುಗಳು, ಮಾಳಿಂಗ ಎಂಬ ಶಿಷ್ಯ, ಒಂದಿಷ್ಟು ಕುರಿ.

ಸುಗ್ಗಿಯಲ್ಲಿ ಊರವರು ಮಠಕ್ಕೆ ಜೋಳ ಕೊಡುತ್ತಿದ್ದರು, ತೊಗರಿ ಕೊಡುತ್ತಿದ್ದರು. ಅಜ್ಜ ಅದನ್ನೆಲ್ಲ ಒಳಗಿಡಿಸಿ, ಶಿಷ್ಯನ ಕೈಗೆ ಖಾಲಿ ಚೀಲ ಕೊಟ್ಟು ಮತ್ತೆ ಕಣಕ್ಕೇ ಅಟ್ಟುತ್ತಿದ್ದರು.

"ಕಾಳು ಬಂತಲ್ರಿ ಅಜ್ಜಾರ. ಇನ್ನೇನು ತರಲಿ?"

"ಹೊಟ್ಟು."

ತೊಗರಿ ಒಕ್ಕಿದ ಮೇಲೆ ಉಳಿಯುವ ಹೊಟ್ಟು, ಕಡಲೆಯ ಹೊಟ್ಟು, ಕಾಯಿ ಬಿಡಿಸಿಕೊಂಡ ಶೇಂಗಾ ಬಳ್ಳಿ. ರೈತರು ಎತ್ತಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದಕ್ಕೆ ಬೆಂಕಿ ಹಚ್ಚುವರು. ಆ ಬೆಂಕಿಗಿಂತ ಮೊದಲು ಹೋಗಿ ಬೇಡಿ ತರುವುದು ಮಾಳಿಂಗನ ಕೆಲಸ.

ಕಣದ ಮಂದಿ ನಗುತ್ತಿದ್ದರು. "ಭಿಕ್ಷಾ ಬೇಡೋರನ್ನ ಕಂಡೇವಿ. ಕಸಾ ಬೇಡೋರನ್ನ ಈಗ ಕಂಡ್ವಿ ನೋಡು."

ಮಾಳಿಂಗನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟಿನ ತುರಿಕೆ ಅರ್ಧ, ಅವಮಾನ ಅರ್ಧ.

ಒಂದು ದಿನ ಚೀಲ ಇಳಿಸಿದವನೇ ಕೇಳಿಬಿಟ್ಟ.

"ಅಜ್ಜಾರ, ಇದರಾಗ ಏನೈತ್ರಿ?"

"ಏನೂ ಇಲ್ಲ."

"ಮತ್ಯಾಕ ಹೊರಸ್ತೀರಿ?"

"ನಿನ್ನ ಪಾಲಿಗೆ ಏನೂ ಇಲ್ಲ ಅಂದೆ. ಬಾ ಇಲ್ಲಿ."

ಅಜ್ಜ ಅವನನ್ನು ಕುರಿಹಟ್ಟಿಗೆ ಕರೆದೊಯ್ದರು. ಅಲ್ಲಿ ಒಂದು ಮುದಿ ಕುರಿ ಕಾಲು ಮಡಚಿ ಮಲಗಿತ್ತು. ಎಲ್ಲರೂ ಅದನ್ನು ಮುದುಕಿ ಎಂದೇ ಕರೆಯುತ್ತಿದ್ದರು. ಹುಟ್ಟಿದ ಲಾಗಾಯ್ತು ಮಠದ ಹೊಟ್ಟು ತಿಂದೇ ಬದುಕಿದ ಜೀವ.

"ಇಕಿ ಎಡಪಕ್ಕೆಗೆ ಕಿವಿ ಇಡು."

ಇಟ್ಟ. ಒಳಗೆ ಏನೋ ಉರುಳಿತು. ಸ್ವಲ್ಪ ಹೊತ್ತು ಸುಮ್ಮನಾಯಿತು. ಮತ್ತೆ ಉರುಳಿತು, ಆಚೆ ಊರಲ್ಲಿ ಗುಡುಗಿದ ಹಾಗೆ.

"ಏನು ಕೇಳಸ್ತು?"

"ಹೊಟ್ಟೆ ಗುಡುಗುಡು ಅಂತೈತ್ರಿ."

"ಅಷ್ಟೇನು?"

"ಅಷ್ಟ್ರೀ."

"ಹಂಗಾರ ನಾಳೆನೂ ಹೊಟ್ಟು ತಾ," ಎಂದು ಅಜ್ಜ ಎದ್ದು ಹೋದರು.

ಬೇಸಿಗೆ ಬಂತು. ದಂಡೆಯ ಹುಲ್ಲು ಒಣಗಿ ನೆಲಕ್ಕಂಟಿತು. ಆಗ ಹುಲಿಗೆವ್ವ ಎಂಬ ಕುರುಬರ ಹೆಂಗಸು ತನ್ನ ಹಿಂಡಿನೊಡನೆ ಆ ದಾರಿಯಲ್ಲಿ ಬಂದಳು. ಮೇವು ಹುಡುಕಿಕೊಂಡು ಕೆಳಸೀಮೆಗೆ ಹೊರಟಿದ್ದಳು. ಅವಳ ಹೆಗಲ ಮೇಲೆ ಎಳೆಯ ಮರಿ, ಹಿಂದೆ ಕಾಲೆಳೆಯುತ್ತ ಅದರ ತಾಯಿ.

"ಈದು ಸೋತಾಳ, ನಡಿಯಾಕ ಆಗವಲ್ದು," ಎಂದು ಮರಿಯನ್ನು ಮಾಳಿಂಗನ ಕೈಗಿಟ್ಟಳು. "ನಾ ತಿರುಗಿ ಬರೋತನಕ ತಾಯಿ ಮರಿ ಎರಡೂ ನಿನ್ನ ಉಡಿಯೊಳಗ ಇರಲಿ ತಮ್ಮಾ. ನನ್ನ ಲಗ್ನದಾಗ ನಮ್ಮವ್ವ ಒಂದು ಕುರಿ ಕೊಟ್ಟಿದ್ಲು. ಆ ಸಂತಾನದಾಗ ಉಳದಾಕಿ ಇಕಿ ಒಬ್ಬಾಕಿನ."

"ನೀ ಹೆಂಗ ಬಿಟ್ಟು ಹೋಗ್ತೀಯೋ ಅದಕ್ಕಿಂತ ಚೊಲೋ ಮಾಡಿ ಒಪ್ಪಸ್ತೀನಿ, ಯವ್ವಾ," ಎಂದ ಮಾಳಿಂಗ. ಬಾಯಿಂದ ಬಂದ ಮಾತಲ್ಲ, ಎದೆಯಿಂದ ಬಂದದ್ದು.

ಮೊದಲ ದಿನ ತೊಗರಿ ಹೊಟ್ಟು ಹಾಕಿದ. ತಾಯಿಕುರಿ ನಿಧಾನಕ್ಕೆ ತಿಂದಿತು. ಮರಿ ಬತ್ತಿದ ಕೆಚ್ಚಲಿಗೆ ಗುದ್ದಿ ಗುದ್ದಿ ಸೋತು ಅವನ ಬೆರಳು ಚೀಪಿತು. ಅವನ ಕರುಳು ಚುರ್ರೆಂದಿತು. ಬಾಣಂತಿಗೆ ಯಾರಾದರೂ ಹೊಟ್ಟು ಹಾಕುತ್ತಾರೆಯೇ?

ಮರುದಿನ ಅಜ್ಜ ಯಾರನ್ನೋ ಮಾತಾಡಿಸಲು ಹೊಳೆಯಾಚೆ ಹೋದರು. ಮಾಳಿಂಗ ಉಗ್ರಾಣದ ಬಾಗಿಲು ತೆಗೆದ. ಮುತ್ತಿನಂಥ ಬಿಳಿಜೋಳ. ಬುಟ್ಟಿ ತುಂಬಿ ತಂದು ಸುರಿದ.

ತಾಯಿಕುರಿ ತಲೆಯೆತ್ತದೆ ತಿಂದಿತು. ಇನ್ನಷ್ಟು ಸುರಿದ. ಅದನ್ನೂ ತಿಂದಿತು. ಮಾಳಿಂಗ ಪಕ್ಕದಲ್ಲಿ ಕೂತು ನೋಡಿದ. ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಬೆಳಗಾದಾಗ ತಾಯಿಕುರಿ ಏಳಲಿಲ್ಲ.

ಹೊಟ್ಟೆ ಉಬ್ಬಿತ್ತು. ಕತ್ತು ನೆಲಕ್ಕೆ ಚಾಚಿ ಹಲ್ಲು ಕಡಿಯುತ್ತಿತ್ತು. ಮರಿ ಅದರ ಸುತ್ತ ಸುತ್ತಿ ಅರಚುತ್ತಿತ್ತು. ಮಾಳಿಂಗ ಓಡಿ ಬಂದು, ಏನೂ ತೋಚದೆ, ಎಡಪಕ್ಕೆಗೆ ಕಿವಿ ಇಟ್ಟ.

ಏನೂ ಇರಲಿಲ್ಲ.

ಮತ್ತೆ ಕಿವಿಯೊತ್ತಿದ. ಉರುಳಿಲ್ಲ, ಗುಡುಗಿಲ್ಲ. ಗೋಡೆಗೆ ಕಿವಿ ಇಟ್ಟಂತಿತ್ತು. ಅಷ್ಟೇ ಎಂದುಕೊಂಡಿದ್ದ ಆ ಗುಡುಗುಡು ಎಷ್ಟು ದೊಡ್ಡದೆಂದು ಅದು ಇಲ್ಲದಾಗ ಅವನಿಗೆ ತಿಳಿಯಿತು.

ಅಷ್ಟರಲ್ಲಿ ಅಜ್ಜ ಬಂದರು. ಕುರಿಯ ಪಕ್ಕ ಕೂತು ಹೊಟ್ಟೆ ಒತ್ತಿ ನೋಡಿದರು.

"ಏನು ಹಾಕಿದ್ದಿ?"

"ಜೋಳಾರೀ."

"ಎಷ್ಟು?"

"ತಿಂದಷ್ಟು."

"ಅದರ ಸಂಗಾಟ?"

"ಬರೇ ಜೋಳಾನ ಹಾಕೀನ್ರಿ. ಇದ್ದದ್ದರಾಗ ಚೊಲೋದು ನೋಡಿ ಹಾಕೀನ್ರಿ ಅಜ್ಜಾರ," ಎಂದ ಮಾಳಿಂಗ.

ಅಜ್ಜ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅಡಿಗೆ ಸೋಡಾ ಕಲಸಿದ ನೀರು ತರಿಸಿ ಸ್ವಲ್ಪಸ್ವಲ್ಪವೇ ಕುಡಿಸಿದರು. ಕುರಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು. ಮಧ್ಯಾಹ್ನದ ಹೊತ್ತಿಗೆ ಉಬ್ಬರ ಇಳಿಯಿತು. ಮಾಳಿಂಗ ತೊಗರಿ ಹೊಟ್ಟನ್ನು ಬೊಗಸೆಯಲ್ಲಿ ಹಿಡಿದು ಮುಂದೊಡ್ಡಿದ. ಕುರಿ ಮೂಸಲೂ ಇಲ್ಲ.

"ತಿನ್ನವಲ್ದ್ರಿ."

"ತಿಂದು ಏನು ಮಾಡೀತು? ಅರಗಸೋರು ಯಾರು?"

"ಕುರೀನ ಅರಗಸ್ತೈತಲ್ರಿ?"

"ಕುರಿ ಕೈಲೆ ಆಗೂದಿಲ್ಲಪಾ. ನಿನ್ನ ಕೈಲೆ ಹೆಂಗ ಆಗೂದಿಲ್ಲೋ ಅದರ ಕೈಲೆನೂ ಆಗೂದಿಲ್ಲ. ಅದರ ಹೊಟ್ಟೆಯೊಳಗ ಒಂದು ಊರೈತಿ."

ಮಾಳಿಂಗ ಬೊಗಸೆಯ ಹೊಟ್ಟನ್ನು ಕೆಳಗಿಟ್ಟ.

"ಕಣ್ಣಿಗೆ ಕಾಣಲಾರದಷ್ಟು ಸಣ್ಣ ಜೀವ. ಎಣಿಸಾಕ ಹೋದ್ರ ನಿನ್ನ ಜನ್ಮ ಸಾಲೂದಿಲ್ಲ. ಹೊಟ್ಟು ಉಣ್ಣೋರು ಅವರು. ಅವರು ಉಂಡು ಬಿಟ್ಟದ್ದನ್ನ ಕುರಿ ಉಣ್ಣತೈತಿ, ಕುರಿ ಉಂಡದ್ದು ಹಾಲಾಗಿ ಮರಿ ಬಾಯಿಗೆ ಬರತೈತಿ. ಅವತ್ತು ಮುದುಕಿ ಪಕ್ಕೆಯೊಳಗ ನೀ ಕೇಳಿದ್ದು ಆ ಊರಿನ ಗದ್ದಲ."

"ಮತ್ತ ಇಕೀದು?"

"ಬರೇ ಕಾಳು ಹೊಟ್ಟೆಯೊಳಗ ಹುಳಿ ಬಂದು, ಆ ಹುಳಿಗೆ ಊರಿಗೆ ಊರ ಹಾಳಾಗೈತಿ."

ಮಾಳಿಂಗ ತನ್ನ ಕೈ ನೋಡಿಕೊಂಡ. ಒಂದು ಬುಟ್ಟಿ ಜೋಳ. ಪ್ರೀತಿಯಿಂದ ಸುರಿದ ಒಂದು ಬುಟ್ಟಿ. ಕಾಣದ ಒಂದು ಲೋಕವನ್ನು ತಾನು ಅಳಿಸಿಬಿಟ್ಟೆನೆಂಬುದು ಅವನ ತಲೆಯೊಳಗೆ ಹಿಡಿಯಲೇ ಇಲ್ಲ. ಕೂತಲ್ಲೇ ಕೂತ.

"ಕೂತ್ರ ಆತೇನು? ಹೊಸ ಒಕ್ಕಲ ತರಬೇಕು."

"ಎಲ್ಲಿಂದ ತರಲ್ರಿ?"

"ಊರು ತುಂಬಿದಲ್ಲಿಂದ."

ಅಜ್ಜ ಗದ್ದ ಎತ್ತಿ ಮುದುಕಿಯ ಕಡೆ ತೋರಿಸಿದರು. ಅವಳು ನೆರಳಿನಲ್ಲಿ ಮಲಗಿ, ಕಣ್ಣು ಅರೆಮುಚ್ಚಿ, ಮೆಲುಕು ಹಾಕುತ್ತಿದ್ದಳು.

"ಬಾಯಾಗ ಕೈ ಹಾಕು. ಮೆಲುಕು ತಗದು ಇಕಿ ಬಾಯಿಗೆ ಇಡು."

"ನಾನ್ರೀ?"

"ಕಾಳು ಸುರುವಿದ ಕೈ ಯಾರದು?"

ಮಾಳಿಂಗ ಮುದುಕಿಯ ಮುಂದೆ ಮಂಡಿಯೂರಿದ. ಅವಳ ಗಂಟಲು ಒಮ್ಮೆ ಕೆಳಗಿಂದ ಮೇಲೆ ಅಲುಗಿತು. ಒಂದು ಉಂಡೆ ಬಾಯಿಗೆ ಬಂತು. ಅವನು ಉಸಿರು ಹಿಡಿದು, ದವಡೆಯ ಸಂದಿಯಿಂದ ಬೆರಳು ತೂರಿಸಿ, ಅದನ್ನು ಈಚೆ ತೆಗೆದ.

ಬಿಸಿಯಾಗಿತ್ತು. ಲೋಳೆ, ಹಸಿರು, ಗಬ್ಬು ವಾಸನೆ. ಆದರೂ ಬೊಗಸೆ ಬಿಚ್ಚಲಿಲ್ಲ. ಹೆಗಲು ಚುಚ್ಚುತ್ತಿದ್ದ ಅದೇ ತೊಗರಿ ಹೊಟ್ಟು ಅದರೊಳಗೆ ಹತ್ತಿಯಷ್ಟು ಮೆತ್ತಗಾಗಿತ್ತು.

"ಇದರಾಗ ಅದಾರೇನ್ರಿ?" ಎಂದು ಪಿಸುಗುಟ್ಟಿದ.

"ತುಂಬ್ಯಾರ. ತಣ್ಣಗಾಗಾಕ ಬಿಡಬ್ಯಾಡ, ಲಗೂನ ನಡಿ."

ಬೊಗಸೆಯನ್ನು ಎದೆಗವಚಿಕೊಂಡು ನಡೆದ. ದೇವರ ಪಲ್ಲಕ್ಕಿ ಹೊತ್ತಾಗಲೂ ಅವನು ಅಷ್ಟು ಹುಷಾರಾಗಿ ಕಾಲಿಟ್ಟವನಲ್ಲ. ತಾಯಿಕುರಿಯ ಬಾಯಿ ತೆರೆದು, ನಾಲಿಗೆಯ ಬುಡಕ್ಕೆ ಇಟ್ಟು, ನುಂಗುವ ತನಕ ದವಡೆ ಹಿಡಿದ. ಮತ್ತೆ ಮುದುಕಿಯ ಹತ್ತಿರ ಬಂದ. ಅವಳು ಜಗ್ಗಾಡಲಿಲ್ಲ, ಮುಖ ತಿರುಗಿಸಲಿಲ್ಲ. ತನ್ನ ಪಾಡಿಗೆ ತಾನು ಇನ್ನೊಂದು ಉಂಡೆ ಮೇಲಕ್ಕೆ ತಂದಳು.

ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಮಾಳಿಂಗ ತಾಯಿಕುರಿಯ ಪಕ್ಕೆಗೆ ಕಿವಿಯಿಟ್ಟು ಮಲಗಿದ.

"ಅಜ್ಜಾರ, ಏನರ ಮಂತ್ರ ಹೇಳ್ಲೇನ್ರಿ?"

"ಹೇಳಬ್ಯಾಡ. ಕೇಳು."

ಕೇಳಿದ. ಹೊತ್ತು ಮುಳುಗಿತು, ಮತ್ತೆ ಹುಟ್ಟಿತು. ಕೇಳುತ್ತಲೇ ಇದ್ದ. ತನ್ನ ಎದೆಬಡಿತವೇ ಅದೆಂದು ಮೋಸ ಹೋದ, ಮರಿಯ ಅರಚಾಟಕ್ಕೆ ಬೆಚ್ಚಿದ, ಹುಲಿಗೆವ್ವನ ಮುಖ ನೆನೆದು ಕಣ್ಣು ಒರೆಸಿಕೊಂಡ.

ಬಿಸಿಲೇರುವ ಹೊತ್ತಿಗೆ ಒಳಗೆ ಏನೋ ಸಣ್ಣಗೆ ಗುಳುಕ್ ಎಂದಿತು.

ಉಸಿರು ಬಿಗಿಹಿಡಿದ. ಎಷ್ಟೋ ಹೊತ್ತಿನ ಮೇಲೆ ಇನ್ನೊಮ್ಮೆ ಎಂದಿತು. ಆಮೇಲೆ ನಿಧಾನಕ್ಕೆ, ಬಂಡಿಯೊಂದು ಕಲ್ಲುದಾರಿಗೆ ಇಳಿದಂತೆ, ಒಂದು ಉರುಳು ಆ ತುದಿಯಿಂದ ಈ ತುದಿಗೆ ಬಂತು.

"ಬಂದಾರ್ರಿ ಅಜ್ಜಾರ," ಎಂದು ಮಾಳಿಂಗ ಗೊಳೋ ಎಂದು ಅತ್ತ. "ಒಕ್ಕಲ ಬಂದೈತ್ರಿ."

ಸಂಜೆಗೆ ತಾಯಿಕುರಿ ತಾನಾಗಿ ಎದ್ದು ಹೊಟ್ಟಿನ ಬುಟ್ಟಿಗೆ ಮೂತಿ ಹಾಕಿತು. ಒಂದು ಬಾಯಿ ತಿಂದಿತು. ಆ ಕರಕರ ಸದ್ದನ್ನು ಮಾಳಿಂಗ ನಿಂತು ಕೇಳಿದ. ಅವತ್ತಿನಿಂದ ಅಜ್ಜ ಚೀಲ ಕೈಗಿಡುವ ಮೊದಲೇ ಅವನು ಕಣದ ದಾರಿ ಹಿಡಿಯುತ್ತಿದ್ದ. ಮಂದಿ ನಕ್ಕರೆ, "ಇನ್ನೊಂದು ಬುಟ್ಟಿ ಹಾಕ್ರಿ, ಆಮ್ಯಾಗ ನಗ್ರಿ," ಎನ್ನುತ್ತಿದ್ದ.

ಕೆಚ್ಚಲು ತುಂಬಿತು. ಮರಿ ಗುದ್ದಿದರೆ ಹಾಲು ಇಳಿಯತೊಡಗಿತು.

ಮುಂಗಾರಿನ ಮೋಡ ಕಟ್ಟುವಾಗ ಹುಲಿಗೆವ್ವ ತಿರುಗಿ ಬಂದಳು. ಮಾಳಿಂಗ ಅವಳ ಮುಂದೆ ಕೈ ಕಟ್ಟಿ ನಿಂತು, ಜೋಳದ ಬುಟ್ಟಿಯಿಂದ ಮುದುಕಿಯ ಮೆಲುಕಿನ ತನಕ ಒಂದೂ ಬಿಡದೆ ಹೇಳಿದ.

ಹುಲಿಗೆವ್ವ ಕುರಿಯ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು, ಕೆಚ್ಚಲು ಮುಟ್ಟಿ ನೋಡಿದಳು, ಬೆನ್ನು ಸವರಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಅತಿಯಾದ್ರ ಅಮೃತಾನೂ ವಿಷ, ತಮ್ಮಾ. ನೀ ಕೊಂದಿದ್ರ ನಮ್ಮವ್ವನ್ನ ಇನ್ನೊಮ್ಮೆ ಮಣ್ಣಾಗ ಇಟ್ಟಂಗ ಆಗತಿತ್ತು ನನಗ."

"ಹೌದು ಯವ್ವಾ."

"ಹೊಟ್ಟು ಇನ್ನೂ ಐತೇನು?"

"ಐತಿ."

"ಹಾದಿಗೆ ಒಂದು ಚೀಲ ತುಂಬಿಕೊಡು."

ಅವನು ಎರಡು ತುಂಬಿದ.

ಹೊರಡುವ ಮುಂಚೆ ತಾಯಿಕುರಿ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಮರಿ ಅದರ ಬಾಯಿಗೆ ಬಾಯಿ ತಂದು, ತುಟಿಯಂಚಿನ ಹಸಿರು ನೊರೆಯನ್ನು ನೆಕ್ಕತೊಡಗಿತು. ಮಾಳಿಂಗ ಹೆಗಲ ವಸ್ತ್ರ ತೆಗೆದುಕೊಂಡು ಒರೆಸಲು ಬಗ್ಗಿದ.

ಅಜ್ಜ ಅವನ ರಟ್ಟೆ ಹಿಡಿದರು.

"ಬಿಡು. ಮರಿಯ ಊರಿಗೆ ಮಂದಿ ಹೊಂಟಾರ."

ಮಾಳಿಂಗನ ಕೈ ಅಲ್ಲೇ ನಿಂತಿತು. ಮರಿ ನೆಕ್ಕಿತು, ತುಟಿ ಚಪ್ಪರಿಸಿತು, ಮತ್ತೆ ನೆಕ್ಕಿತು.

"ಮುದುಕಿಗೂ ಹಿಂಗ ಬಂದಿತ್ತೇನ್ರಿ?"

"ಹಿಂಗ. ಅದರವ್ವನ ಬಾಯಿಂದ."

"ಆ ಅವ್ವಗ?"

"ಆಕಿ ಅವ್ವನ ಬಾಯಿಂದ."

ಹುಲಿಗೆವ್ವ ಕೋಲು ಊರಿಕೊಂಡು ನಿಂತಿದ್ದಳು. ಅವಳೂ ಹಿಂಡನ್ನು ಹೊಡೆಯದೆ ಕೇಳಿದಳು. ಮಾಳಿಂಗ ಅಜ್ಜನ ಕಡೆ ತಿರುಗಿದ.

"ಎಲ್ಲಾಕಿಂತ ಮೊದಲಿನ ಕುರಿಗೆ, ಅಜ್ಜಾರ? ಆಕಿ ಬಾಯಾಗ ಇಟ್ಟವರು ಯಾರ್ರಿ?"

ಅಜ್ಜ ಅವನ ರಟ್ಟೆ ಬಿಟ್ಟರು.

"ನಮ್ಮ ಗುರುಗಳು ಕಣ್ಣು ಮುಚ್ಚೂ ಹೊತ್ತಿನಾಗ, ಅದೊಂದು ಕೇಳಿಕೊಂಡು ಬರ್ತೀನಿ ಅಂತ ಹೇಳಿ ಹೋದ್ರು. ಇನ್ನೂ ಬಂದಿಲ್ಲ."