ಗುರುಮನೆಯ ಬಾಗಿಲ ಕಾಡು

“ಅಜ್ಜಾ, ಯಾವ ಗುರುವಿನ ಹತ್ತಿರ ಹೋದರೆ ಈ ಹುಲ್ಲುಗಾವಲನ್ನು ಉಳಿಸುವ ವಿದ್ಯೆ ಸಿಗುತ್ತದೆ?”

ನಾಗವೇಣಿ ಹೀಗೆ ಕೇಳಿದಾಗ ಸಣ್ಣೀರಜ್ಜ ಕಾವಲಿನ ಅಂಚಿನಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ. ಮುಂದೆ ಕಣ್ಣು ಹೋಗುವಷ್ಟು ದೂರ ಹುಲ್ಲು ಬಾಗುತ್ತ ಏಳುತ್ತ ನಿದ್ದೆಯಲ್ಲಿರುವ ದೊಡ್ಡ ಪ್ರಾಣಿಯ ಮೈಯಂತೆ ಉಸಿರಾಡುತ್ತಿತ್ತು. ಯಾವ ಪ್ರಶ್ನೆಗೂ ಅಜ್ಜ ತಕ್ಷಣ ಉತ್ತರ ಕೊಟ್ಟವನಲ್ಲ. ಮೊದಲು ತನ್ನ ದೊಡ್ಡಸ್ತಿಕೆಯನ್ನು ಒಂದಿಷ್ಟು ಹೇಳಿಕೊಳ್ಳಬೇಕು, ಉಳಿದದ್ದು ಆಮೇಲೆ.

“ಹರೆಯದಲ್ಲಿ ಇದೇ ಕಾವಲಿನಲ್ಲಿ ನಾನು ಮೋಡ ಮೇಯಿಸಿದವನು,” ಎಂದ. “ಬೆಳಗಿನ ಹೊತ್ತು ಕುರಿಗಳ ಜೊತೆಗೇ ಇಳಿದು ಬರುತ್ತಿದ್ದವು. ಯಾವುದು ಕುರಿ, ಯಾವುದು ಮೋಡ ಅಂತ ನನಗೊಬ್ಬನಿಗೇ ಗುರುತು ಸಿಗುತ್ತಿದ್ದದ್ದು. ಒಂದು ಸಲ ಮೋಡದ ಮರಿಯೊಂದು ದಾರಿ ತಪ್ಪಿ ಮಂದೆಯ ಜೊತೆ ಹಟ್ಟಿಗೇ ಬಂದುಬಿಟ್ಟಿತು. ಪಾಪ ಅಂತ ಕುರಿರೊಪ್ಪದಲ್ಲಿ ಕೂಡಿಹಾಕಿದೆ. ಬೆಳಗ್ಗೆ ಎದ್ದು ನೋಡಿದರೆ ರೊಪ್ಪದ ತುಂಬ ನೀರು, ಕುರಿಗಳೆಲ್ಲ ಈಜುತ್ತಿವೆ.”

“ನೋಡಿದವರು ಯಾರು?” ಎಂದಳು ಗಂಗಜ್ಜಿ. ಅವಳು ಅಜ್ಜನ ಹೆಂಡತಿ. ಪಕ್ಕದಲ್ಲೇ ಕೂತು ಸೀರೆಯಂಚಿಗೆ ಹತ್ತಿದ ಹುಲ್ಲಿನ ಮುಳ್ಳುಗಳನ್ನು ಕೀಳುತ್ತಿದ್ದಳು.

“ಕೆಂಚಣ್ಣ ನೋಡಿದ್ದ. ದೊಡ್ಡಬೋರ ನೋಡಿದ್ದ.”

“ಇಬ್ಬರೂ ಮಣ್ಣಿಗೆ ಹೋಗಿ ಯಾವ ಕಾಲವಾಯಿತು!”

“ಅದಕ್ಕೆ ನಾನೇನು ಮಾಡಲಿ? ನಿಲ್ಲಿ ಅಂದರೆ ನಿಲ್ಲುತ್ತಿದ್ದರೇ?”

“ನಿನ್ನ ಶೂರತನವೆಲ್ಲ ನಾನು ಈ ಹಟ್ಟಿಗೆ ಬರುವ ಮುಂಚೆಯೇ ಮುಗಿದುಹೋಗಿದೆ. ನಾನು ಬಂದಮೇಲೆ ನೀನು ಒಂದು ಬೆಕ್ಕು ಹಿಡಿದದ್ದನ್ನೂ ಕಾಣೆ.”

ನಾಗವೇಣಿ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಅವಳಿಗೆ ಮೊದಲ ಗುರು ಅವನೇ. ಅವನ ಕುರಿಮಂದೆಯ ಹಿಂದೆ ನಡೆಯುತ್ತ ನಡೆಯುತ್ತ ಅವಳಿಗೆ ಹುಲ್ಲಿನ ಹುಚ್ಚು ಹಿಡಿದಿತ್ತು. ಈಗ ಪದವಿ ಮುಗಿಸಿದ್ದಳು. ಅಷ್ಟರಲ್ಲಿ ಯಾರೋ ಬಂದು ಕಾವಲನ್ನು ಅಳೆದು, ಇದು ಬಂಜರು, ಇಲ್ಲಿ ಏನೂ ಇಲ್ಲ ಎಂದು ಹೇಳಿ, ಒಂದು ಮೂಲೆಯಲ್ಲಿ ಗುಂಡಿ ತೆಗೆಸಲು ಶುರು ಮಾಡಿದ್ದರು. ಏನೂ ಇಲ್ಲ ಎನ್ನುವವರಿಗೆ ಏನೇನಿದೆ ಎಂದು ಅವರದೇ ಭಾಷೆಯಲ್ಲಿ ಹೇಳಬೇಕಾದರೆ ಇನ್ನೂ ಓದಬೇಕು. ನಿಸರ್ಗ ಸಂಪತ್ತು ಮತ್ತು ಅದರ ಸಂರಕ್ಷಣೆ ಎಂಬ ಎಂ.ಎಸ್ಸಿ.ಗೆ ಅವಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು.

ಒಂದು ದೂರದ ಶಹರದ್ದು. ಫೋನಿನಲ್ಲಿ ನೋಡಿದರೆ ಗಾಜಿನ ಕಟ್ಟಡ, ಕಾರಂಜಿ, ಅರಮನೆಯಂಥ ಗ್ರಂಥಾಲಯ. ಅಲ್ಲಿಯ ಶುಲ್ಕ ಕಟ್ಟಿದರೆ ತಂಗಿಯ ನರ್ಸಿಂಗ್ ಓದು ಅಲ್ಲಿಗೇ ನಿಂತಂತೆ. ಇನ್ನೊಂದು ಬೆಟ್ಟದ ತಪ್ಪಲಿನ ಸಣ್ಣ ವಿಶ್ವವಿದ್ಯಾಲಯ. ಶುಲ್ಕ ಕಡಿಮೆ. ಅದರದ್ದು ಇದ್ದದ್ದೇ ಒಂದು ಚಿತ್ರ: ತಗಡಿನ ಮಾಡು, ಕೆಸರು ಮೆತ್ತಿದ ಜೀಪು. ಅಷ್ಟು ಕಡಿಮೆಗೆ ಕೊಡುವವರು ಏನು ಕಲಿಸಿಯಾರು ಎಂದು ಗೆಳತಿಯರು ನಕ್ಕಿದ್ದರು. ವಾರದೊಳಗೆ ಒಂದು ಕಡೆ ಒಪ್ಪಿಗೆ ಹೇಳಬೇಕು. ಎರಡೂ ಚಿತ್ರಗಳನ್ನು ನೋಡಿ ನೋಡಿ, ನಿದ್ದೆಯಲ್ಲಿ ಕಾರಂಜಿಯ ಮೇಲೆ ಜೀಪು ತೇಲುವುದು ಕಾಣುತ್ತಿತ್ತು.

“ಕಥೆ ಬೇಡ ಅಜ್ಜ. ಯಾವ ಕಡೆ ಹೋಗಲಿ, ಅಷ್ಟು ಹೇಳು.”

“ಕಥೆ ಬೇಡ ಅಂದರೆ ನನ್ನ ಹತ್ತಿರ ಬೇರೇನಿದೆ? ಕೇಳು,” ಎಂದ ಅಜ್ಜ.

ಒಂದೂರು. ಅಲ್ಲೊಬ್ಬ ರೈತ. ಆ ಊರ ಕಾಡಿಗೆ ನಿದ್ದೆ ಬಂದುಬಿಟ್ಟಿತ್ತು. ಮರಗಳು ನಿಂತಲ್ಲೇ ಕಣ್ಣು ಮುಚ್ಚಿದವು. ಚಿಗುರಲಿಲ್ಲ, ಒಣಗಲೂ ಇಲ್ಲ. ಕಾಡು ಮಲಗಿದ್ದನ್ನು ನೋಡಿ ಊರ ಒರತೆಯೂ ಮಲಗುವ ಹಾಗೆ ಕಂಡಿತು. ಬರುವ ಬೇಸಿಗೆ ಕಳೆಯುವಷ್ಟು ನೀರು ಮಾತ್ರ ಉಳಿದಿತ್ತು. ಕಾಡನ್ನು ಎಬ್ಬಿಸುವ ವಿದ್ಯೆಯನ್ನು ಯಾರಾದರೂ ಕಲಿತು ಬರಬೇಕು ಎಂದಿತು ಊರು. ನಾನು ಹೋಗುತ್ತೇನೆ ಎಂದು ರೈತ ಬುತ್ತಿ ಕಟ್ಟಿಕೊಂಡು ಹೊರಟ.

ಮೊದಲು ಸಿಕ್ಕಿದ ಗುರುಮನೆಗೆ ಎತ್ತರದ ಬಿಳಿ ಗೋಡೆ. ಗೋಡೆಯ ಮೇಲೆ ಲೋಕದ ಮರಗಳೆಲ್ಲವೂ ಚಿತ್ರದಲ್ಲಿದ್ದವು. ಅಂಗಳದಲ್ಲಿ ಒಂದು ತರಗೆಲೆ ಇರಲಿಲ್ಲ. ಶಿಷ್ಯರ ಪಂಚೆಗಳು ಹಾಲಿನಂತೆ ಬೆಳ್ಳಗಿದ್ದವು. ರೈತ ಗೋಡೆಗೆ ಒರಗಿ ಬೆರಗಾಗಿ ನಿಂತ.

“ನಿನ್ನ ಎತ್ತುಗಳನ್ನು ತಂದು ಇಲ್ಲಿ ಕಟ್ಟು, ಆಮೇಲೆ ಒಳಗೆ ಬಾ,” ಎಂದ ಗುರು.

ಇಷ್ಟು ಕೇಳುತ್ತಾನೆ ಎಂದ ಮೇಲೆ ವಿದ್ಯೆಯೂ ಅಷ್ಟೇ ದೊಡ್ಡದಿರಬೇಕು ಎಂದುಕೊಂಡ ರೈತ. ಆದರೆ ಎತ್ತು ಹೋದರೆ ಮನೆಯವರು ಉಳುವುದು ಏತರಿಂದ? ಯೋಚಿಸಿ ಬರುತ್ತೇನೆ ಎಂದು ಮುಂದೆ ನಡೆದ. ನಡೆಯುವಾಗ ನಾಕು ಸಲ ಹಿಂದಿರುಗಿ ನೋಡಿದ.

ಎರಡನೆಯ ಗುರು ಮರದ ಕೆಳಗೆ ಮಲಗಿದ್ದ. ಅವನು ಏನನ್ನೂ ಕೇಳಲಿಲ್ಲ. ಕೂರು ಎಂದ, ರೈತ ಕೂತ. ಏಳು ಎಂದ, ಎದ್ದ. ಕಲಿತಾಯಿತು ಹೋಗು ಎಂದು ಕೈಗೊಂದು ಕೋಲು ಕೊಟ್ಟು ಮತ್ತೆ ಮಲಗಿದ. ರೈತನಿಗೆ ಖುಷಿಯೋ ಖುಷಿ. ಖರ್ಚಿಲ್ಲ, ಕಾಯುವುದಿಲ್ಲ. ದಾರಿಯಲ್ಲಿ ನಿದ್ದೆ ಹೋಗಿದ್ದ ಒಂದು ಹೊನ್ನೆಮರ ಸಿಕ್ಕಿತು. ನೋಡಿಯೇಬಿಡೋಣ ಎಂದು ಕೋಲಿನಿಂದ ತಟ್ಟಿದ. ಮರ ಮಗ್ಗುಲು ಬದಲಿಸಿ ಗೊರಕೆ ಹೊಡೆಯಿತು.

“ಮರ ಎಲ್ಲಾದರೂ ಮಗ್ಗುಲು ಬದಲಿಸುತ್ತದೆಯೇ?” ಎಂದಳು ಗಂಗಜ್ಜಿ.

“ನೀನು ನೋಡುತ್ತಿರುವಾಗ ಬದಲಿಸುವುದಿಲ್ಲ.”

ನಾಗವೇಣಿ ಸುಮ್ಮನಿರು ಎಂಬಂತೆ ಅಜ್ಜಿಯ ಮೊಣಕಾಲು ಮುಟ್ಟಿದಳು. ಆ ರೈತ ಈಗ ಎಲ್ಲಿಗೆ ಹೋಗುತ್ತಾನೆ ಎಂಬುದು ಅವಳಿಗೆ ಬೇಕಾಗಿತ್ತು.

ಮೂರನೆಯ ಗುರುಮನೆ ಬೆಟ್ಟದ ಸಂದಿಯಲ್ಲಿತ್ತು. ಅಲ್ಲಿಯ ಶುಲ್ಕ ಹಗುರ: ತನ್ನ ಹಿಟ್ಟು ತಾನು ತರಬೇಕು, ಸರದಿ ಬಂದಾಗ ಎಲ್ಲರಿಗೂ ಅಡುಗೆ ಮಾಡಬೇಕು. ಆದರೆ ಬಾಗಿಲು ಕಂಡು ರೈತನ ಎದೆ ಕುಸಿಯಿತು. ಬಾಗಿಲೆಂದರೆ ಬಾಗಿಲಲ್ಲ. ಗಿಡ, ಬಳ್ಳಿ, ಮುಳ್ಳು, ಆಳೆತ್ತರದ ಪೊದೆ. ನಡುವೆ ಒಬ್ಬರು ನುಸುಳುವಷ್ಟು ದಾರಿ. ಅವನ ಊರಿನಲ್ಲಿ ಬಾಗಿಲ ಮುಂದೆ ಹುಲ್ಲು ಬೆಳೆದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಮನೆ ಮುಂದಿನ ಕಳೆ ಕೀಳಲಾರದವನು ಕಾಡನ್ನು ಎಬ್ಬಿಸುತ್ತಾನೆಯೇ ಎಂದುಕೊಂಡ.

ಗುರುಗಳೂ ಶಿಷ್ಯರೂ ಕಾಡಿಗೆ ಹೋಗಿದ್ದಾರೆ, ಕೂತಿರಿ ಎಂದು ಒಳಗಿನಿಂದ ಅಡುಗೆ ಸರದಿಯವರು ಕೂಗಿ ಹೇಳಿದರು. ಕೈಕಟ್ಟಿ ಕೂರುವುದು ರೈತನಿಗೆ ಆಗದ ಕೆಲಸ. ಸೊಂಟದಲ್ಲಿ ಕುಡುಗೋಲು ಇತ್ತು. ಇರಲಿ, ಬಾಗಿಲನ್ನಾದರೂ ಚೊಕ್ಕ ಮಾಡಿ ಪುಣ್ಯ ಕಟ್ಟಿಕೊಳ್ಳೋಣ ಎಂದು ಶುರು ಮಾಡಿದ. ಬಾಗಿಲ ಒಂದು ಬದಿಯನ್ನು ಬುಡಮಟ್ಟ ಕೊಯ್ದು, ಗುಡಿಸಿ, ಬೆವರು ಒರೆಸಿಕೊಂಡು ನಿಂತ.

ಇಳಿಹೊತ್ತಿಗೆ ಅವರು ಬಂದರು. ಮೈಯೆಲ್ಲ ಕೆಸರು, ಪಂಚೆಯ ತುಂಬ ಅಂಟುಮುಳ್ಳು. ಬಾಗಿಲು ನೋಡಿ ಎಲ್ಲರೂ ನಿಂತರು. ಒಬ್ಬ ಹುಡುಗಿಯ ಕಣ್ಣಲ್ಲಿ ನೀರು ಬಂತು.

ಆ ಗುರುಮನೆಯಲ್ಲಿ ಒಂದು ಪದ್ಧತಿ. ಕಾಡಿನಿಂದ ಬಂದವರು ಬಾಗಿಲಲ್ಲಿ ಬಟ್ಟೆ ಒದರಿಯೇ ಒಳಗೆ ಹೋಗಬೇಕು. ಹೋದ ಹೋದ ಕಡೆ ಅಂಟಿದ ಬೀಜಗಳು ಬಾಗಿಲಲ್ಲೇ ಉದುರುತ್ತವೆ, ಅಲ್ಲಿಯೇ ಮೊಳೆಯುತ್ತವೆ. ಈಗಿನವರು ಒದರಿದ್ದಾರೆ, ಅವರಿಗಿಂತ ಹಿಂದಿನವರೂ ಒದರಿದ್ದಾರೆ. ಬೆಳಗಿನ ಪಾಠ ಆ ಪೊದೆಯಲ್ಲಿ. ಇದು ಯಾವ ಕಣಿವೆಯಿಂದ ಬಂತು, ಅಲ್ಲಿ ಇದರ ನೆರೆಹೊರೆ ಯಾರು, ಇದು ಇಲ್ಲಿ ಯಾಕೆ ಬದುಕಿತು, ಅದು ಯಾಕೆ ಸೊರಗಿತು ಎಂದು ಗುರು ಕೇಳುತ್ತಾನೆ. ತನಗೂ ಗೊತ್ತಿಲ್ಲದಿದ್ದರೆ ಎಲ್ಲರನ್ನೂ ಕರೆದುಕೊಂಡು ಆ ಕಣಿವೆಗೇ ನಡೆಯುತ್ತಾನೆ.

ಇದನ್ನು ಕೇಳಿ ರೈತ ಕುಡುಗೋಲನ್ನು ಕೆಳಗಿಟ್ಟ. ಗುರು ಬಯ್ಯಲಿಲ್ಲ. ಬೋಳಾದ ನೆಲದ ಮೇಲೆ ನಿಂತು ತನ್ನ ಪಂಚೆ ಒದರಿದ. ಶಿಷ್ಯರೂ ಒಬ್ಬೊಬ್ಬರಾಗಿ ಬಂದು ಅಲ್ಲಿಯೇ ಒದರಿದರು.

“ನೀನೂ ಒದರಪ್ಪ,” ಎಂದ ಗುರು.

ರೈತ ಒದರಿದ. ದಾರಿಯ ಧೂಳು ಬಿತ್ತು. ಬಿಳಿ ಗೋಡೆಗೆ ಒರಗಿದ್ದ ಕಡೆಯಿಂದ ಒಂದಿಷ್ಟು ಸುಣ್ಣ ಬಿತ್ತು. ಬೇರೇನೂ ಬೀಳಲಿಲ್ಲ. ತಲೆತಗ್ಗಿಸಿ ನಿಂತವನ ಹೆಗಲ ಮೇಲೆ ಗುರು ಕೈಯಿಟ್ಟು, ಒಳಗೆ ಊಟಕ್ಕೆ ಕರೆದುಕೊಂಡು ಹೋದ.

ಇಲ್ಲಿಗೆ ಕಥೆ ಮುಗಿಸಿ ಅಜ್ಜ ಕಂಬಳಿಯ ಮೇಲೆ ಕಾಲು ಚಾಚಿದ. ಗಾಳಿ ಬಂದು ಕಾವಲಿನ ಹುಲ್ಲು ಒಮ್ಮೆ ಬೆಳ್ಳಗಾಗಿ ಮತ್ತೆ ಹಸಿರಾಯಿತು. ಮಲಗಿದ ಮರಗಳು ಒಂದೊಂದಾಗಿ ಕಣ್ಣು ಬಿಡುವುದು ನಾಗವೇಣಿಗೆ ಕಂಡಂತಾಯಿತು. ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅಜ್ಜನ ಬಾಯಿ ನಿಲ್ಲಬೇಕಲ್ಲ.

“ಆ ಬಾಗಿಲ ಕಾಡನ್ನು ನಾನು ಈ ಕಣ್ಣಿನಿಂದಲೇ ಕಂಡವನು,” ಎಂದ. “ಉತ್ತರಾಣಿ, ನೆಗ್ಗಿಲಿನಂಥ ಅಂಟುಮುಳ್ಳು ಏನು ಮಹಾ! ಇಷ್ಟಿಷ್ಟು ದಪ್ಪದ ನೇರಳೆಮರ, ಹುಣಸೆಮರ, ಎಲ್ಲ ಶಿಷ್ಯರ ಪಂಚೆಗೆ ಅಂಟಿಕೊಂಡೇ ಬಂದದ್ದು. ಆ ಹುಣಸೆಯ ಕೆಳಗೆ ಕಂಬಳಿ ಹಾಸಿ ಮಲಗಿದ್ದೇನೆ.”

ನಾಗವೇಣಿ ತಲೆ ಎತ್ತಿದಳು. ಅವಳ ಮುಖದಲ್ಲಿ ಆ ದಿನದ ಮೊದಲ ನಗು ಬಂತು.

“ನೇರಳೆ ಬೀಜ ಪಂಚೆಗೆ ಅಂಟುತ್ತದೆಯೇ ಅಜ್ಜ? ಅದಕ್ಕೆ ಕೊಕ್ಕೆಯಿಲ್ಲ, ಮುಳ್ಳಿಲ್ಲ. ಅದು ಹಕ್ಕಿಯ ಹೊಟ್ಟೆಯಲ್ಲಿ ಬರಬೇಕು. ಹುಣಸೆಬೀಜ ಕೋತಿಯ ಬಾಯಲ್ಲಿ ಬರಬೇಕು. ನೀನು ಆ ಗುರುಮನೆಯನ್ನು ನೋಡೇ ಇಲ್ಲ!”

“ಸಿಕ್ಕಿಬಿದ್ದನಮ್ಮ ಮುದುಕ!” ಎಂದು ಗಂಗಜ್ಜಿ ಚಪ್ಪಾಳೆ ತಟ್ಟಿದಳು.

ಸಣ್ಣೀರಜ್ಜ ಭುಜ ಹಾರಿಸಿದ.

“ಇಲ್ಲ ಕಣವ್ವ, ನಾನು ಅಲ್ಲಿಗೆ ಹೋಗಿ ನೋಡಿಲ್ಲ. ಫೋನಿನ ಆ ಎರಡು ಚಿತ್ರ ಬಿಟ್ಟರೆ ನೀನು ಎಲ್ಲಿಗೆ ಹೋಗಿ ನೋಡಿದ್ದೀಯ?”